ಗಿಟಾರಿಗೆ ಯಾವ ಅಂಟು?

ನಮ್ಮ ಮನೆಯವರು ಹೊಸ ಕೆಲಸಕ್ಕೆ ಕೈಹಾಕಿದರೆಂದರೆ ಬೀದಿಯವರಿಗೆಲ್ಲ ನಗಲು ಸರಕು ಸಿಕ್ಕಿತೆಂದೇ ಲೆಕ್ಕ. ಅವರು ನ್ಯಾಮತಿಯಲ್ಲಿ ಬಾಗಿಲು, ಕಿಟಕಿ ಮಾಡುವ ಬಡಗಿ. ಹೊನ್ನಾಳಿಯಲ್ಲಿ ಓದುವ ಮಗಳು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗಿಟಾರ್ ನುಡಿಸಬೇಕಿತ್ತು. "ಕೊಳ್ಳೋದ್ಯಾಕೆ? ನಾನೇ ಮಾಡ್ತೀನಿ" ಅಂದರು. ಮರದ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭ. ಕಾಡಿದ್ದು ಅಂಟು.

ಬಿಳಿ ಅಂಟು

ಮೊದಲು ಬಾಗಿಲಿಗೆ ಬಳಸುವ ಬಿಳಿ ಅಂಟನ್ನೇ ಹಚ್ಚಿದರು. ಗಿಟಾರನ್ನು ಜಗಳೂರಿನ ನನ್ನ ತಂಗಿಗೆ ತೋರಿಸಲು ಬಸ್ಸಿನಲ್ಲಿ ಒಯ್ದೆವು. ಕಿಟಕಿಯ ಬಿಸಿಲಿಗೆ ಅಂಟು ಮೆತ್ತಗಾಗಿ, ಬಿಳಿಚೋಡು ದಾಟುತ್ತಿದ್ದಂತೆ ತಂತಿ ಕಟ್ಟಿದ್ದ ಮರದ ಪಟ್ಟಿ ಫಟಾರೆಂದು ಕಿತ್ತು ಬಂತು. ಡ್ರೈವರ್ ಬಸ್ ನಿಲ್ಲಿಸಿ, ಇಳಿದು, ಒಂದೊಂದೇ ಗಾಲಿ ಒದ್ದು ನೋಡಿದ. ಇವರು ಕಿಟಕಿಯಿಂದ ಕತ್ತು ಹೊರಹಾಕಿ, "ಹತ್ತಿ ಬರ್ರೀ, ಪಂಕ್ಚರ್ ಆಗಿದ್ದು ನಮ್ದು" ಅಂದರು.

ಎರಡು ಟ್ಯೂಬಿನ ಅಂಟು

ಎರಡು ಟ್ಯೂಬು ಕಲಸಿ ಹಚ್ಚುವ ಅಂಟು ಕಲ್ಲಿನ ಹಾಗೆ ಕೂತಿತು. ಆಮೇಲೆ ನೋಡಿದರೆ ಗಿಟಾರಿನ ಕುತ್ತಿಗೆ ಸೊಟ್ಟ! ಬಿಡಿಸಲು ಹೋದರೆ ಮರವೇ ಸೀಳಿತು. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಇವರು ಚಹಾ ಕುಡಿದು ಹೊಸ ಹಲಗೆ ತೆಗೆದರು. ಇಂಥವರನ್ನು ಮೆಚ್ಚದೆ ಹೆಂಗಿರುವುದು?

"ಅಂಟು ಗಟ್ಟಿಯಾಗಿ ಹಿಡೀಬೇಕು, ಬಿಡು ಅಂದಾಗ ಬಿಡ್ಬೇಕು. ಅಂಥದ್ದು ಹುಡುಕ್ಬೇಕು" ಅಂದರು.

"ಆ ಗುಣ ನಿಮಗೈತೇನ್ರೀ?" ಅಂದೆ. ಇವರು ಚಪ್ಪಲಿ ಮೆಟ್ಟಿ ಅಂಟು ಹುಡುಕಲು ಹೊರಟೇಬಿಟ್ಟರು.

ಮರವಜ್ರ

ಕೊನೆಗೆ ಚನ್ನಗಿರಿಯ ಹಳೇ ಬಡಗಿಯೊಬ್ಬರಿಂದ ಮರವಜ್ರ ತಂದರು. ದನದ ಚರ್ಮ ಬೇಯಿಸಿ ಮಾಡುವ ಅಂಟು. ಬಿಸಿನೀರಲ್ಲಿ ಕರಗಿಸಿ, ಆರುವುದರೊಳಗೆ ಹಚ್ಚಿ ಕೂರಿಸಬೇಕು. ತೇವ, ಬಿಸಿ ಕೊಟ್ಟರೆ ಮತ್ತೆ ಬಿಡುತ್ತದೆ. ಅದರ ವಾಸನೆಗೆ ನಾನು ಮನೆಯಿಂದ ಹೊರಗೆ, ಬೀದಿನಾಯಿಗಳೆಲ್ಲ ಒಳಗೆ. ಆದರೆ ಆ ಗಿಟಾರಿನ ದನಿ ಕೇಳಿದಾಗ ನನ್ನ ಕಣ್ಣು ತುಂಬಿ ಬಂತು.

ವೇದಿಕೆ

ವಾರ್ಷಿಕೋತ್ಸವದ ದಿನ ಮಗಳು ಕುರ್ಚಿಯಲ್ಲಿ ಕೂತು ನುಡಿಸಲು ಶುರುಮಾಡಿದ್ದೇ ತಡ, ಎಲ್ಲಿಂದಲೋ ಒಂದು ನಾಯಿ ವೇದಿಕೆ ಹತ್ತಿತು. ಮೂಸುತ್ತಾ ಬಂದು ಗಿಟಾರಿಗೆ ನಾಲಿಗೆ ಚಾಚಿತು.

"ಅಯ್ಯೋ, ನೆಕ್ಕಿದ್ರೆ ಅಂಟು ಬಿಡ್ತೈತೆ!" ಎಂದು ಇವರು ಒಂದೇ ನೆಗೆತಕ್ಕೆ ವೇದಿಕೆ ಹತ್ತಿದರು. ನಾಯಿಯನ್ನು ಬಾಚಿ ತಬ್ಬಿಕೊಂಡು ಮಗಳ ಪಕ್ಕದಲ್ಲೇ ಕೂತುಬಿಟ್ಟರು. ನಾಯಿ ಗಿಟಾರ್ ಬಿಟ್ಟು ಇವರ ಗಡ್ಡ ನೆಕ್ಕಿತು. ಇವರು ಅಲುಗಲಿಲ್ಲ. ಮಗಳೂ ನಿಲ್ಲಿಸಲಿಲ್ಲ. ಪಟ್ಟಿಯೂ ಕಿತ್ತು ಬರಲಿಲ್ಲ!

ಚಪ್ಪಾಳೆ ನಿಂತ ಮೇಲೆ ಪ್ರಿನ್ಸಿಪಾಲರು ಇವರಿಗೊಂದು ಶಾಲು ಹೊದಿಸಿ, ಮೈಕ್ ಹಿಡಿದು ಹೇಳಿದರು: "ಮಗಳ ಸಂಗೀತ ಕೇಳಾಕೆ ಮನೆಯವರೆಲ್ಲ ಬರ್ತಾರೆ. ಆದರೆ ನಾಯೀನೂ ಕರ್ಕೊಂಡ್ ಬಂದಿರೋ ತಂದೇನ ನಾನು ಇವತ್ತೇ ನೋಡಿದ್ದು!"