ಲೋ ಬಿಪಿಗೆ ಜಗಳದ ಮದ್ದು

ಆರೋಗ್ಯಕ್ಕಾಗಿ ಕೆಲವರು ನಡೆಯುತ್ತಾರೆ, ಕೆಲವರು ಯೋಗ ಮಾಡುತ್ತಾರೆ. ನನ್ನ ದೊಡ್ಡಮ್ಮ ಜಗಳ ಮಾಡುತ್ತಾಳೆ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಅವಳ ಚಿಕಿತ್ಸೆಯ ವಿವರ ಕೊಡುತ್ತಿದ್ದೇನೆ, ಅಷ್ಟೇ.

ದೊಡ್ಡಮ್ಮ ಕುಂದಾಪುರದ ಮಾರ್ಕೆಟಿನಲ್ಲಿ ಮೀನು ಮಾರುವವಳು. ಒಂದು ಬೆಳಿಗ್ಗೆ ಕೂತಲ್ಲಿಂದ ತಟ್ಟನೆ ಎದ್ದವಳು ಕಣ್ಣು ಕತ್ತಲೆ ಬಂದು ತನ್ನದೇ ಬಂಗುಡೆ ಮೀನಿನ ಬುಟ್ಟಿಯ ಮೇಲೆ ಬಿದ್ದಳು. ಬಂಗುಡೆಗೆ ಏನೂ ಆಗಿಲ್ಲವೆಂದು ನೋಡಿಕೊಂಡೇ ಆಸ್ಪತ್ರೆಗೆ ಹೊರಟಳು. ಡಾಕ್ಟರು, "ಬಿಪಿ ಲೋ ಇದೆ. ಹೊಟ್ಟೆ ಖಾಲಿ ಬಿಡಬೇಡಿ, ನೀರು ಚೆನ್ನಾಗಿ ಕುಡಿಯಿರಿ, ಗಂಜಿಗೆ ಉಪ್ಪು ಹಾಕಿಕೊಳ್ಳಿ, ನಿಧಾನ ಏಳಿ" ಎಂದರು. ಮಾತ್ರೆ ಬರೆಯಲಿಲ್ಲ. ಮಾತ್ರೆ ಬರೆಯದ ಡಾಕ್ಟರನ್ನು ನಂಬುವುದು ಹೇಗೆ? ಜೊತೆಗಿದ್ದ ಅವಳ ಮಗ, ಅಂದರೆ ನನ್ನ ಅಣ್ಣ, ತಾನೂ ಒಂದು ಮಾತು ಸೇರಿಸಿದ: "ಅಬ್ಬಿ, ಇನ್ನೊಂದ್ ಸಲ ಬಿದ್ರೆ ಮಾರ್ಕೆಟ್ ಬಂದ್. ಮನಿಯಂಗೇ ಕೂಕೋ."

ಬಿದ್ದದ್ದಕ್ಕೆ ಹೆದರದ ದೊಡ್ಡಮ್ಮ ಈ ಮಾತಿಗೆ ಹೆದರಿದಳು.

ದೊಡ್ಡಪ್ಪನಿಗೆ ಇರುವುದು ಹೈ ಬಿಪಿ. ಸಿಟ್ಟು ಮಾಡಿದರೆ ಏರುತ್ತದೆ ಎಂದು ಅದೇ ಡಾಕ್ಟರು ಅವರಿಗೆ ಹೇಳಿದ್ದರು. ದೊಡ್ಡಮ್ಮ ಎರಡೂ ಮಾತನ್ನು ಪಕ್ಕಪಕ್ಕ ಇಟ್ಟು ನೋಡಿದಳು.

"ಸಿಟ್ಟ್ ಬಂದ್ರೆ ಏರ್ತ್ ಅಂದ್ರೆ, ಇಳ್ದಾಗ ಸಿಟ್ಟ್ ಮಾಡ್ರೆ ಆಯ್ತಲ್ದಾ?"

"ಹಾಂಗಲ್ಲ ದೊಡ್ಡಮ್ಮ..."

"ಬಿ.ಕಾಂ. ಮಾಡಿದ್ಯಲ್ದಾ, ಇಷ್ಟ್ ಲೆಕ್ಕ ಗೊತ್ತಿಲ್ಯಾ ನಿಂಗ್?"

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಬೆಳಿಗ್ಗೆ ಮೀನು ಹೊತ್ತು, ಕೈಗೆ ಸೋಪು ಉಜ್ಜಿಕೊಂಡು ಕಾಲೇಜಿಗೆ ಓಡಿ ಪಡೆದದ್ದು. ಹೆಮ್ಮೆಯಿದೆ. ಆದರೆ ಆ ಡಿಗ್ರಿಯಿಂದ ದೊಡ್ಡಮ್ಮನ ಒಂದು ಪ್ರಶ್ನೆಗೂ ಇದುವರೆಗೆ ಉತ್ತರ ಸಿಕ್ಕಿಲ್ಲ.

ಚಿಕಿತ್ಸೆ ವಂಡ್ಸೆಗೆ ಹೋಗುವ ಬಸ್ಸಿನಲ್ಲಿ ಶುರುವಾಯಿತು. ನಿಂತಿದ್ದವಳಿಗೆ ತಲೆ ತಿರುಗಿತು. ಕೂಡಲೇ ಕೂಗಿದಳು: "ಹ್ವಾಯ್ ಕಂಡಕ್ಟರೇ, ನನ್ನ ಕಾಲ್ ಮೆಟ್ಟಿದ್ರಿ ಎಂತಕೆ?"

"ನಾನ್ ಹಿಂದಿನ ಬಾಗ್ಲ್ ಹತ್ರ ಇದ್ದೆ ಮಾರಾಯ್ತಿ!"

"ಮೆಟ್ಟಿ ಅಲ್ಲಿಗ್ ಓಡಿದ್ದ್ ನಾನ್ ಕಾಣ್ಲಿಲ್ಯಾ?"

ಆ ಪುಣ್ಯಾತ್ಮ ಜಗಳ ಮುಗಿದರೆ ಸಾಕೆಂದು ಅವಳಿಗೊಂದು ಸೀಟು ಕೊಡಿಸಿದ. ಕೂತ ಮೇಲೆ ತಲೆಸುತ್ತು ಕಡಿಮೆಯಾಯಿತು. "ಕಂಡ್ಯಾ? ಏರ್ತ್!" ಎಂದಳು ನನಗೆ.

ಇನ್ನೊಮ್ಮೆ ಕೊಲ್ಲೂರಿನಲ್ಲಿ, ದರ್ಶನದ ಸಾಲಿನಲ್ಲಿ. ಅಮ್ಮನವರ ಸನ್ನಿಧಿಯಲ್ಲಿ ಹೊರಗಿನವರೊಡನೆ ಜಗಳ ಆಡುವುದುಂಟೇ? ಹಾಗಾಗಿ ನನ್ನೊಡನೆ ಆಡಿದಳು. ನಾನು ಹುಟ್ಟಿದ ಹೊತ್ತಿನಿಂದ ಹಿಡಿದು ನನ್ನ ದೋಷಗಳನ್ನೆಲ್ಲ ಒಂದೂ ಬಿಡದೆ ಹೇಳಿದಳು. ಗರ್ಭಗುಡಿ ತಲುಪುವ ಹೊತ್ತಿಗೆ ಅವಳ ಬಿಪಿ ಸರಿಯಾಗಿತ್ತು, ನನ್ನದು ಏರಿತ್ತು!

ನಾನು ಗಮನಿಸಿದ್ದು ಇಷ್ಟು: ಜಗಳ ಆಡಿದರೆ ಅವಳ ಗಂಟಲು ಒಣಗುತ್ತದೆ, ಆಮೇಲೆ ಒಂದು ಚೊಂಬು ನೀರು ಕುಡಿಯುತ್ತಾಳೆ. ಚೇತರಿಸುವುದು ಆ ನೀರಿನಿಂದ. ಹೇಳಿದೆ. "ಜಗ್ಳ ಇಲ್ದೆ ಬರೀ ನೀರ್ ಯಾರ್ ಕುಡಿತ್ರ್?" ಎಂದಳು.

ಮಾರ್ಕೆಟಿನ ತಲೆಸುತ್ತಿಗೆ ನಿಜವಾದ ಕಾರಣ ಬೋಣಿ. ದಿನದ ಮೊದಲ ವ್ಯಾಪಾರ ಆಗದೆ ಬಾಯಿಗೆ ಏನೂ ಹಾಕಬಾರದೆಂಬುದು ಅವಳ ಕಟ್ಟುಪಾಡು. ಅವಳ ತಾಯಿಯೂ ಹಾಗೇ ಇದ್ದಳಂತೆ. ಗಂಜಿಯ ಪಾತ್ರೆ ಪಕ್ಕದಲ್ಲೇ ಇರುತ್ತದೆ, ಉಪ್ಪೂ ಇರುತ್ತದೆ, ಒಣಸಿಗಡಿ ಚಟ್ನಿಯೂ ಇರುತ್ತದೆ. ಗಿರಾಕಿ ಬರಬೇಕು, ಅಷ್ಟೇ.

ಒಂದು ಭಾನುವಾರ ನಾನೂ ಮಾರ್ಕೆಟಿನಲ್ಲಿದ್ದೆ. ಎಲ್ಲರ ಬುಟ್ಟಿಯಲ್ಲೂ ಬಂಗುಡೆಯೇ. ಹೊತ್ತೇರಿದರೂ ದೊಡ್ಡಮ್ಮನಿಗೆ ಬೋಣಿಯಾಗಿರಲಿಲ್ಲ. ನೋಡನೋಡುತ್ತ ಅವಳ ತುಟಿ ಬಿಳಿಚಿತು, ಹಣೆ ಬೆವರಿತು. ಜಗಳಕ್ಕೆ ಬಾಯಿ ತೆರೆದಳು; ಸ್ವರ ಹೊರಡಲಿಲ್ಲ. ಆ ಹೊತ್ತಿಗೇ ಅಣ್ಣ ಐಸು ಹೊತ್ತು ಬಾಗಿಲಲ್ಲಿ ಕಾಣಿಸಬೇಕೇ! ಮಗ ನೋಡಿದರೆ ಇವತ್ತಿಗೇ ತನ್ನ ಮಾರ್ಕೆಟ್ ಬಂದ್ ಎಂದು ಹೆದರಿ, ಏನೂ ಆಗಿಲ್ಲವೆಂದು ತೋರಿಸಲು ಅವಳು ಎದ್ದು ನಿಲ್ಲಹೊರಟಳು.

ಪಕ್ಕದಲ್ಲಿ ಕೂರುವ ಹೆಂಗಸು ದೊಡ್ಡಮ್ಮನ ಕಾಯಂ ವೈರಿ. ಜಾಗಕ್ಕಾಗಿ, ಗಿರಾಕಿಗಾಗಿ, ಕೆಲವೊಮ್ಮೆ ಯಾವುದಕ್ಕೂ ಅಲ್ಲದೆ ಇಬ್ಬರೂ ದಿನಾ ಕಚ್ಚಾಡುವವರು. ಅವಳು ದೊಡ್ಡಮ್ಮನ ಹೆಗಲು ಒತ್ತಿ ಕೂರಿಸಿಬಿಟ್ಟಳು.

"ಏಳ್ಬೇಡ! ನಂಗ್ ಬಂಗ್ಡೆ ಕೊಡ್."

"ನಿನ್ ಬುಟ್ಟಿ ತುಂಬ ಇತ್ತಲೇ..." ದೊಡ್ಡಮ್ಮನ ಸ್ವರ ಕೇಳಿಸಿಯೂ ಕೇಳಿಸದಷ್ಟು ಸಣ್ಣಗಿತ್ತು.

"ಇರ್ಲಿ. ನಂಗ್ ನಿಂದೇ ಬೇಕ್. ಕೊಡ್ತ್ಯಾ ಇಲ್ಯಾ?"

ನೋಟನ್ನು ದೊಡ್ಡಮ್ಮನ ಕೈಗೆ ತುರುಕಿ, ತಾನೇ ನಾಲ್ಕು ಬಂಗುಡೆ ಎತ್ತಿ ತನ್ನ ರಾಶಿಯ ಮೇಲೆ ಹಾಕಿಕೊಂಡಳು. ಗಂಜಿಯ ಮುಚ್ಚಳ ತೆಗೆದು ಮುಂದಿಟ್ಟಳು.

"ಬೋಣಿ ಆಯ್ತ್. ಉಣ್. ನೀನ್ ಮನಿಯಂಗ್ ಕೂತ್ರೆ ನಾನ್ ಇಲ್ಲ್ ಯಾರಿಗ್ ಬೈಯುದ್?"

ಅಣ್ಣ ಬಂದು ಐಸು ಇಳಿಸಿ, "ಎಂತ, ಇವತ್ತ್ ಜಗ್ಳ ಇಲ್ಯಾ?" ಎಂದು ನಕ್ಕು ಹೋದ.

ದೊಡ್ಡಮ್ಮ ಗಂಜಿ ಉಂಡಳು. ಕೈ ತೊಳೆದು, ತನ್ನ ಬುಟ್ಟಿಯಲ್ಲಿ ಹುಡುಕಿ, ಎಲ್ಲಕ್ಕಿಂತ ದೊಡ್ಡ ಬಂಗುಡೆಯನ್ನು ಆರಿಸಿ, ಮೆಲ್ಲಗೆ ವೈರಿಯ ರಾಶಿಯ ಮೇಲೆ ಇಟ್ಟಳು.