ಎದ್ದ ಆಣಿ, ಏಳದ ಗಂಡ

ನಮ್ಮ ಯಜಮಾನರು ಪುರಂದರ ಶುದ್ಧ ಸೋಮಾರಿ. ನಲವತ್ತು ವರ್ಷ ಹತ್ತಿರದಿಂದ ಅಧ್ಯಯನ ಮಾಡಿ ಹೇಳುತ್ತಿದ್ದೇನೆ, ನನ್ನ ಪಿಎಚ್‌.ಡಿ.ಗೂ ಇಷ್ಟು ಕಾಲ ಹಿಡಿದಿರಲಿಲ್ಲ.

ಮಂಗಳವಾರದಿಂದ ಈ ಮಹಾನುಭಾವರು ಬಾಲ್ಕನಿ ಬಾಗಿಲಲ್ಲಿ ಕುರ್ಚಿ ಹಾಕಿ, ಹೊಸ್ತಿಲ ಮೇಲೆ ಟವೆಲ್ ಮಡಿಸಿ, ಅದರ ಮೇಲೆ ಕಾಲಿಟ್ಟು ವಿರಾಜಮಾನರು. ಬಟ್ಟೆ ಒಣಹಾಕಲು ಹೋದರೆ, "ಇಲ್ಲಿ ಕೊಡು ಮಾ" ಎಂದು ಕೂತಲ್ಲಿಂದಲೇ ಕಂಬಿಯ ಮೇಲೆ ಎಸೆಯುವುದು. ನನ್ನ ಸೀರೆಗಳು ಹಾಸಿಗೆ ಹಿಡಿದ ರೋಗಿಗಳಂತೆ ಮುದುಡಿ ಬಿದ್ದಿದ್ದವು.

ನನಗೆ ಸಕ್ಕರೆ ಕಾಯಿಲೆ. ಪಾದಕ್ಕೆ ಸ್ಪರ್ಶಜ್ಞಾನವಿಲ್ಲ, ಹೋದ ವರ್ಷದ ಗಾಯಕ್ಕೆ ಒಂದು ಬೆರಳನ್ನೇ ತೆತ್ತಿದ್ದೇನೆ. ಹಾಗೆಂದು ಮನೆಯೊಳಗೆ ಚಪ್ಪಲಿ ಹಾಕುವ ಅನಾಚಾರ ನಮ್ಮಲ್ಲಿಲ್ಲ.

ಸಿಂಗಾನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಡಗಿ ಅಯ್ಯಾಸಾಮಿ ಬರಬೇಕಾದರೆ ವಾಟ್ಸಾಪ್ ಗುಂಪಿಗೆ ಇಂಗ್ಲಿಷಿನಲ್ಲಿ ದೂರು ಹಾಕಬೇಕು. (ನಾಲ್ಕು ಭಾಷೆಯವರಿದ್ದೇವೆ, ಜಗಳಕ್ಕೊಂದು ಸಾಮಾನ್ಯ ಭಾಷೆ ಬೇಕಲ್ಲ.) ಮಂಗಳವಾರವೇ ಇವರು ಫೋನ್ ತೋರಿಸಿದ್ದರು: 'ಒನ್ ನೇಲ್ ಈಸ್ ಕಮಿಂಗ್ ಔಟ್.'

ಇಂಗ್ಲಿಷ್ ಪ್ರೊಫೆಸರಾಗಿ ನಿವೃತ್ತಳಾದವಳ ಗಂಡ ಬರೆಯುವ ವಾಕ್ಯವೇ ಇದು? ಅಳಿಸಿಹಾಕಿದೆ.

"ಆಣಿಯೇನು ಮೆರವಣಿಗೆ ಹೊರಟಿದೆಯೇನ್ರೀ? ಬಂಡೆ ಜಟ್ ಆಗುತ್ತದೆ, ನಿಮ್ಮ ಮೊಣಕಾಲಿನ ಹಾಗೆ. ಚೀಲ ಬಲ್ಜ್ ಆಗುತ್ತದೆ, ನಿಮ್ಮ ಹೊಟ್ಟೆಯ ಹಾಗೆ. ಕಿಟಕಿಯ ಸಜ್ಜೆ ಪ್ರೊಜೆಕ್ಟ್ ಆಗುತ್ತದೆ, ನಿಮ್ಮ ಮೂಗಿನ ಹಾಗೆ."

"ಆಣಿ?"

"ಪ್ರೊಟ್ರೂಡ್!"

"ಓ, ನಿನ್ನ ನಾಲಿಗೆ ಹಾಗಾ?"

ಆ ಮಾತಿಗೆ ದೂರು ನಿಂತಿತು. ಕ್ಷಮೆ ಕೇಳುವವರೆಗೆ ತಿದ್ದಿಕೊಡುವುದಿಲ್ಲ ಎಂದೆ. ಅವರು ಕೇಳಲಿಲ್ಲ, ಏಳಲೂ ಇಲ್ಲ.

ಶುಕ್ರವಾರ ನನ್ನ ಸಹನೆ ಮುಗಿಯಿತು. ಬಕೆಟ್ ಕುಕ್ಕಿ, "ಕಾಲು ತೆಗೀರಿ!" ಎಂದು ಟವೆಲ್ ಎಳೆದೆ.

"ಏಯ್, ಇರು ಮಾ, ಇರು!"

ಪರ್‍ರ್ ಎಂದು ಟವೆಲ್ ಹರಿಯಿತು. ಹೊಸ್ತಿಲ ಮರದಿಂದ ತುಕ್ಕು ಹಿಡಿದ ಆಣಿಯೊಂದು ಎದ್ದು ನಿಂತಿತ್ತು, ನಾನು ದಿನಾ ಬಲಗಾಲಿಡುವ ಜಾಗದಲ್ಲೇ. (ಇವರೇ ಹೊಡೆದು ಕೂರಿಸಬಹುದಿತ್ತಲ್ಲ ಎನ್ನುತ್ತೀರಾ? ಸುತ್ತಿಗೆ ಹಿಡಿದರೆ ಸ್ವಂತ ಹೆಬ್ಬೆರಳನ್ನೇ ಜಜ್ಜಿಕೊಳ್ಳುವ ವಂಶ ಅವರದು.)

"ಮೊದಲೇ ಹೇಳೋಕೇನ್ರೀ ಆಗಿತ್ತು?"

"ಹೇಳಿದೆನಲ್ಲ ಮಾ. ನೀನು ವರ್ಬ್ ಸರಿಯಿಲ್ಲ ಅಂದೆ."

ಎಲ್ಲಿಯ ಆಣಿ ಎಂದು ನಾನು ಕೇಳಿಯೇ ಇರಲಿಲ್ಲ. ಅವರ ಫೋನ್ ಕಿತ್ತುಕೊಂಡು ನಾನೇ ಟೈಪ್ ಮಾಡಿ ಕಳಿಸಿದೆ: 'ಒನ್ ನೇಲ್ ಈಸ್ ಕಮಿಂಗ್ ಔಟ್.' ಗುಂಪಿನಲ್ಲಿ ಯಾರಿಗೂ ವ್ಯಾಕರಣದ ತೊಂದರೆಯಾಗಲಿಲ್ಲ. ಅಯ್ಯಾಸಾಮಿ ಸಂಜೆ ಬರುತ್ತಾನೆ ಎಂದು ಉತ್ತರ ಬಂತು.

ಒದ್ದೆ ಬಟ್ಟೆ ಸಂಜೆಯವರೆಗೆ ಕಾಯುವುದಿಲ್ಲ. ಬಕೆಟ್ ಎತ್ತಿಕೊಂಡು ಹೊಸ್ತಿಲು ದಾಟಲು ಬಲಗಾಲೆತ್ತಿದೆ. ನನ್ನ ಸೋಮಾರಿ ನರಳುತ್ತಾ ಕುರ್ಚಿಯಿಂದಿಳಿದು, ಮಂಡಿಯೂರಿ, ಆಣಿಯ ಮೇಲೆ ಅಂಗೈ ಮುಚ್ಚಿದರು.