ಹತ್ತು ಸಾವಿರದ ಏಳು ಗುಂಡಿ

ತಂಟೆ ತಂದದ್ದು ಒಂದು ಚೀಟಿ. 'ನೇರಳೆ ಗುಂಡಿ, ಹತ್ತು ಸಾವಿರದ ಏಳು, ಸಂಜೆಯೊಳಗೆ' ಎಂದು ಯಜಮಾನರು ಕೈಯಾರೆ ಬರೆದು ಸಹಿ ಹಾಕಿದ್ದರು. ಆ ಗುಂಡಿ ಕಾರ್ಖಾನೆಯಲ್ಲಿ ಯಜಮಾನರು ಬರೆದ ಸಂಖ್ಯೆಯಲ್ಲಿ ಒಂದೂ ಹೆಚ್ಚುಕಡಿಮೆಯಾಗುವಂತಿಲ್ಲ. ಎಲ್ಲ ಡಬ್ಬಿಗಳಲ್ಲೂ ಸಮಸಮ ಗುಂಡಿ ಇರಬೇಕು. ಐನೂರಕ್ಕಿಂತ ಹೆಚ್ಚು ಹಿಡಿಸುವ ಡಬ್ಬಿಯೂ ಅಲ್ಲಿರಲಿಲ್ಲ, ಇದ್ದದ್ದೂ ಸಾವಿರ ಡಬ್ಬಿ ಮಾತ್ರ.

ಪ್ಯಾಕಿಂಗ್ ಗುಮಾಸ್ತನಿಗೋ ಹೊರಡುವ ಅವಸರ. ಮುನಿಸಿಕೊಂಡು ತವರು ಸೇರಿದ್ದ ಹೆಂಡತಿ, ಇವತ್ತು ಐದರ ಬಸ್ಸಿಗೆ ಹೊರಟು ಬಂದು ಕರೆದರೆ ಸರಿ, ಇಲ್ಲವಾದರೆ ಇನ್ನೆರಡು ತಿಂಗಳು ಆ ಮಾತೇ ಬೇಡ ಎಂದು ಹೇಳಿಕಳಿಸಿದ್ದಳು.

ಹತ್ತರಂತೆ ತುಂಬಿದ, ಏಳು ಉಳಿದವು. ಹನ್ನೆರಡರಂತೆ ತುಂಬಿದ, ಹನ್ನೊಂದು ಉಳಿದವು. ಎಣಿಕೆ ವಿಭಾಗದ ಹೆಂಗಸು ಹದಿಮೂರರಂತೆ ನೋಡಲು ಹೇಳಿದಳು, ಹತ್ತು ಉಳಿದವು. ಕಾವಲುಗಾರ ತನ್ನ ಮನೆ ನಂಬರು ಹತ್ತೊಂಬತ್ತೆಂದೂ ಅದು ಇದುವರೆಗೆ ಕೈಕೊಟ್ಟಿಲ್ಲವೆಂದೂ ಹೇಳಿದ. ಇವತ್ತು ಕೈಕೊಟ್ಟಿತು. ಉಳಿದ ಹದಿಮೂರು ಗುಂಡಿಗಳು ಊಟಕ್ಕೆ ಜಾಗ ಸಿಗದ ನೆಂಟರ ಹಾಗೆ ಗುಮಾಸ್ತನನ್ನೇ ನೋಡುತ್ತಿದ್ದವು.

ಮೂರು ಗಂಟೆಗೆ ಬೇರೆ ದಾರಿ ಕಾಣದೆ ಹೆಂಡತಿಯ ತಮ್ಮನಿಗೆ ಫೋನು ಮಾಡಿದ. ಅವನು ಗಣಿತದ ಮೇಷ್ಟ್ರು.

"ಭಾವ, ಅದು ಅವಿಭಾಜ್ಯ ಸಂಖ್ಯೆ. ಡಬ್ಬಿಗೆ ಒಂದೊಂದೇ ಹಾಕಿ, ಇಲ್ಲಾ ಎಲ್ಲಾನೂ ಒಂದೇ ಡಬ್ಬಿಗೆ ಸುರೀರಿ. ಮಧ್ಯದ ದಾರಿ ಇಲ್ಲ. ಥೇಟ್ ನಮ್ಮಕ್ಕನ ಸ್ವಭಾವ." ಆಮೇಲೆ ಕನಿಕರ ಬಂದು, ಒಂದೇ ಒಂದು ಗುಂಡಿ ಸೇರಿಸಿದರೆ ಹನ್ನೆರಡರಂತೆ ಎಂಟುನೂರ ಮೂವತ್ತನಾಲ್ಕು ಡಬ್ಬಿ ಸಲೀಸಾಗಿ ತುಂಬುತ್ತದೆ ಎಂದ.

ನೇರಳೆ ಬಣ್ಣ ಮುಗಿದುಹೋಗಿತ್ತು. ಆದರೆ ಕಾರ್ಖಾನೆಯವರೆಲ್ಲರ ಅಂಗಿಗೂ ಅದೇ ಗುಂಡಿ. ಗುಮಾಸ್ತ ತನ್ನ ಹೊಟ್ಟೆಯ ಮೇಲಿನದನ್ನು ಕಿತ್ತುಕೊಂಡು, ಚೀಟಿಯ ಸಮೇತ ಯಜಮಾನರೆದುರು ನಿಂತ. ಒಂದು ಹೆಚ್ಚು ಕಳಿಸಲು ಅಪ್ಪಣೆಯಾಗಬೇಕು, ಗುಂಡಿ ತನ್ನದೇ ಎಂದು ವಿನಂತಿಸಿದ.

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. "ನೀನು ಮೈಮೇಲಿದ್ದದ್ದನ್ನ ಕಿತ್ತು ಕೊಡ್ತೀಯ, ನಾನು ಸುಮ್ನೆ ಕೂತಿರ್ಲಾ?" ಎಂದು ತಮ್ಮ ಕಾಲರಿನ ಗುಂಡಿಯನ್ನೂ ಕಿತ್ತು ಅವನ ಅಂಗೈಗಿಟ್ಟರು. ಅಲ್ಲೇ ಗಿರಾಕಿಗೆ ಫೋನು ಮಾಡಿ ತಿಳಿಸಿ, ಏಳನ್ನು ಹೊಡೆದು ಒಂಬತ್ತು ಬರೆದು ಸಹಿ ಹಾಕಿದರು. ಇನ್ನು ಈ ಚೀಟಿಯನ್ನು ಬ್ರಹ್ಮನೂ ತಿದ್ದಕೂಡದೆಂದು ಹೇಳಿ, ಕಾರು ಹತ್ತಿ ಮೂರು ದಿನದ ಪ್ರಯಾಣಕ್ಕೆ ಹೊರಟೇಬಿಟ್ಟರು.

ಒಂದು ಸೇರಿಸಿದರೇ ಅಷ್ಟು ಸಲೀಸಾದರೆ ಎರಡಕ್ಕೆ ಇನ್ನೆಷ್ಟು ಸಲೀಸು ಎಂದು ಗುಮಾಸ್ತ ಕುಣಿಯುತ್ತ ಬಂದ. ಹನ್ನೆರಡರಂತೆ ತುಂಬಿದ. ಒಂದು ಉಳಿಯಿತು. ಹದಿಮೂರು, ಹದಿನೇಳು, ಹತ್ತೊಂಬತ್ತು, ಯಾವುದಕ್ಕೂ ಬಗ್ಗಲಿಲ್ಲ. ನಾಲ್ಕೂ ಮುಕ್ಕಾಲಿಗೆ ಮತ್ತೆ ಫೋನು ಹಿಡಿದ.

ಮೇಷ್ಟ್ರಿಗೆ ಸಂತೋಷ ತಡೆಯಲಾಗಲಿಲ್ಲ. "ಭಾವ, ಇದೂ ಅವಿಭಾಜ್ಯವೇ. ಹತ್ತು ಸಾವಿರದ ಏಳು, ಹತ್ತು ಸಾವಿರದ ಒಂಬತ್ತು, ಎರಡೂ ಅವಳಿ. ಇಂಥ ಜೋಡಿ ಹುಡುಕಿದರೂ ಸಿಗಲ್ಲ, ನೀವು ಒಂದೇ ದಿನದಲ್ಲಿ ಎರಡನ್ನೂ ಹಿಡಿದ್ರಲ್ಲ." ಆಮೇಲೆ, "ಅಕ್ಕ ಪಕ್ಕದಲ್ಲೇ ನಿಂತಿದ್ದಾಳೆ. ಯಾವಾಗ ಬರ್ತೀರಿ ಅಂತ ಕೇಳ್ತಿದ್ದಾಳೆ," ಎಂದ.

ಗುಮಾಸ್ತ ಒಂದು ಕೈಯಲ್ಲಿ ಅಂಗಿ ಮುಚ್ಚಿಕೊಂಡು ನೇರಳೆ ರಾಶಿಯನ್ನು ನೋಡಿದ.

"ಇದು ಭಾಗ ಹೋದ ಕೂಡ್ಲೇ ಬರ್ತೀನಿ ಅಂತ ಹೇಳು."

"ಅಕ್ಕಾ, ಅದು ಯಾವತ್ತೂ ಭಾಗ ಹೋಗಲ್ಲ," ಎಂದು ಅವನು ಆ ಕಡೆ ತಿರುಗಿ ಪ್ರಾಮಾಣಿಕವಾಗಿ ವಿವರಿಸಿದ.

ಫೋನಿನಲ್ಲಿ, ಕಟ್ಟಿಟ್ಟ ಪೆಟ್ಟಿಗೆಯನ್ನು ಯಾರೋ ದಡಬಡನೆ ಬಿಚ್ಚುವ ಸದ್ದು ಕೇಳಿಸಿತು.